ಓದುವ ಯಂತ್ರ ಕೇಳುವ ಪ್ರಶ್ನೆ

ಬುಧವಾರ, ಮಧ್ಯಾಹ್ನ

ಮುದ್ದಿನ ಗುಬ್ಬಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರುವೆ ಎಂದು ನಂಬಿದ್ದೇನೆ ಅಂತ ಮುಂದಿನ ಸಾಲು ಬರೆಯಬೇಕು. ಅದನ್ನು ಸದ್ಯಕ್ಕೆ ಬಾಕಿ ಇಟ್ಟಿದ್ದೇನೆ. ಫೋನು ಇರುವಾಗ ಅಮ್ಮ ಯಾಕೆ ಕಾಗದ ಬರೆಯುತ್ತಾಳೆ ಎಂದು ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು "ಚೆನ್ನಾಗಿದ್ದೀನಮ್ಮ, ಸ್ವಲ್ಪ ಬಿಜಿ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಅರ್ಧಕ್ಕೆ ಕತ್ತರಿಸಲು ಆಗುವುದಿಲ್ಲ.

ಮೊದಲು ನೀನು ಕೇಳಿದ ವಿಷಯ. ನಿನ್ನ ಹಳೆಯ ಓದುವ ಯಂತ್ರವನ್ನು ಇಲ್ಲಿ ಬಿಟ್ಟುಹೋಗುವಾಗ, "ಒಂದಷ್ಟು ದಿನ ಬಳಸಿ ನೋಡು, ಹಿಡಿಸಿದ್ರೆ ನಿನಗೇ ಅಂತ ಹೊಸದು ತಗೊಳ್ಳೋಣ" ಅಂದಿದ್ದೆ. ಬಳಸಿ ನೋಡಿದೆ. ಹೊಲಿಗೆ ಯಂತ್ರದ ಪಕ್ಕ ನೂಲಿನ ಡಬ್ಬಕ್ಕೆ ಒರಗಿಸಿಟ್ಟರೆ ಅಲ್ಲಾಡದೆ ಕೂರುತ್ತದೆ. ಪುಸ್ತಕವಾದರೆ ಅದರ ಮೇಲೆ ಕತ್ತರಿ ಹೇರಬೇಕಿತ್ತು. ಗಿರಾಕಿ ಬಂದಾಗ ಕತ್ತರಿ ಎತ್ತಿದರೆ ಪುಟ ಮುಚ್ಚಿಕೊಳ್ಳುತ್ತಿತ್ತು. ಈಗ ಪ್ಯಾಂಟಿನ ಅಂಚಿಗೆ ಕೈಹೊಲಿಗೆ ಹಾಕುತ್ತಲೇ ಓದುತ್ತೇನೆ. ಅಕ್ಷರ ದೊಡ್ಡದು ಮಾಡಿಕೊಂಡರೆ ಕನ್ನಡಕವೂ ಬೇಡ. ಸೂಜಿ ಚುಚ್ಚಿ ಜಡ್ಡುಗಟ್ಟಿದ ನನ್ನ ತೋರುಬೆರಳನ್ನು ಮಾತ್ರ ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕಿರುಬೆರಳಿನಿಂದ ಮುಟ್ಟಿದರಷ್ಟೇ ಪುಟ ತಿರುಗುತ್ತದೆ. ಇಷ್ಟು ವರ್ಷ ದುಡಿದ ಬೆರಳಿಗೆ ಮರ್ಯಾದೆ ಇಲ್ಲ, ಸೋಮಾರಿಗೆ ಸನ್ಮಾನ. ಓದಿ ಮುಗಿಸಿದ್ದನ್ನು ಎದುರು ಮನೆಯಾಕೆಗೆ ಎರವಲು ಕೊಡಲು ಆಗುವುದಿಲ್ಲ ಎನ್ನುವುದು ಇನ್ನೊಂದು ಕೊರತೆ. ಆಕೆ ಇಸಿದುಕೊಂಡು ಹೋದ ಪುಸ್ತಕ ವಾಪಸು ಬಂದದ್ದೇ ಇಲ್ಲವಾದ್ದರಿಂದ ಅದನ್ನು ಲಾಭ ಎಂದೇ ಹಿಡಿಯಬಹುದು.

ಇಷ್ಟು ಹೇಳಿದ ಮೇಲೆ ಕೊಳ್ಳೋಣ ಎನ್ನಬೇಕಿತ್ತು. ಆದರೆ ಒಂದು ವಿಷಯ ನಿನಗೆ ಹೇಳಿಲ್ಲ.

ಹಡಗು ಕಟ್ಟುವ ಅಣ್ಣತಮ್ಮಂದಿರ ಆ ದಪ್ಪ ಕಾದಂಬರಿ ಇದೆಯಲ್ಲ, ಅದನ್ನು ಶುರು ಮಾಡಿದ ಮರುದಿನ ಪುಟದ ನಡುವೆ ಒಂದು ಚೌಕ ಎದ್ದು ಬಂತು. ಇನ್ನೊಂದು ಸಾಧನದಲ್ಲಿ ಈ ಪುಸ್ತಕವನ್ನು ನೂರಾ ಹನ್ನೆರಡನೇ ಪುಟದವರೆಗೆ ಓದಲಾಗಿದೆ, ಅಲ್ಲಿಗೆ ಹೋಗಬೇಕೇ ಎಂದು ಕೇಳಿತು. ಬೆನ್ನ ಹಿಂದೆ ಯಾರೋ ನಿಂತು ಓದುತ್ತಿದ್ದಾರೆಂದು ಹೆದರಿ ಮುಚ್ಚಿಟ್ಟೆ. ಎದುರು ಮನೆಯಾಕೆಯೇ ಬಿಡಿಸಿ ಹೇಳಿದಳು: "ಎರಡೂ ನಿಮ್ಮ ಮಗಳ ಖಾತೆಯಲ್ಲೇ ಇವೆ. ಅವಳು ಅಲ್ಲಿ ತನ್ನ ಹೊಸದರಲ್ಲಿ ಇದನ್ನೇ ಓದ್ತಿದ್ದಾಳೆ, ಅಷ್ಟೇ." ಆಮೇಲೆ ಆ ಚೌಕವೇ ನನ್ನ ಸಂಭ್ರಮವಾಯಿತು. ದಿನಾ ಬರುತ್ತಿತ್ತು, ದಿನಾ 'ಬೇಡ' ಎಂದು ಒತ್ತಿ ನನ್ನ ಪುಟದಲ್ಲೇ ಉಳಿಯುತ್ತಿದ್ದೆ. ನೀನು ಮುಂದೆ, ನಾನು ಹಿಂದೆ. ಚಿಕ್ಕವಳಿದ್ದಾಗ ಶಾಲೆಗೆ ಹೋಗುವಾಗಲೂ ನೀನು ಹಾಗೇ ಓಡುತ್ತಿದ್ದೆ.

ಆದರೆ ಆ ಚೌಕ ಗಂಟೆಯನ್ನೂ ಹೇಳುತ್ತದೆ. ಕೆಲಸದ ದಿನ ಬೆಳಿಗ್ಗೆ ಹನ್ನೊಂದು. ಇನ್ನೊಂದು ದಿನ ಮಧ್ಯಾಹ್ನ ಮೂರು. ಉಸಿರಾಡಲೂ ಪುರುಸೊತ್ತಿಲ್ಲ ಅನ್ನುವ ಹುಡುಗಿ ಒಂದೇ ಹಗಲಿನಲ್ಲಿ ಎಪ್ಪತ್ತು ಪುಟ ಓದಿದ್ದಾಳೆ. ನಿನ್ನ ಆಫೀಸಿನವರು ಇಷ್ಟು ಉದಾರಿಗಳಾದದ್ದು ಯಾವಾಗ ಎಂದುಕೊಂಡೆ. ರಜೆ ಹಾಕಿರಬಹುದು, ಮೈಗೆ ಹುಷಾರಿಲ್ಲದಿರಬಹುದು ಎಂದು ನಿನ್ನ ಪರವಾಗಿ ನಾನೇ ಕಾರಣ ಹುಡುಕಿಕೊಂಡೆ. ತಲೆಯೊಳಗೆ ಹುಳ ಹೊಕ್ಕ ಮೇಲೆ ಸುಮ್ಮನೆ ಕೂರುತ್ತದೆಯೇ? ಒಂದು ಕೋಟಿನ ಎಡತೋಳನ್ನು ಬಲಕ್ಕೆ ಹೊಲಿದು ಮತ್ತೆ ಬಿಚ್ಚಿದೆ.

ಹೋದ ವಾರ ಚೌಕದಲ್ಲಿನ ಪುಟ ಇನ್ನೂರ ಆರಕ್ಕೆ ನಿಂತಿತು, ತಮ್ಮನ ಹಡಗು ದಡ ಬಿಡುವ ಜಾಗದಲ್ಲಿ. ಮರುದಿನವೂ ಅದೇ, ಅದರ ಮರುದಿನವೂ ಅದೇ. ನೀನು ಫೋನು ಎತ್ತುವುದನ್ನೂ ಬಿಟ್ಟು, ಆಮೇಲೆ ಮಾಡುತ್ತೇನೆ ಎಂದು ಒಂದು ಸಾಲಿನ ಮೆಸೇಜು ಹಾಕತೊಡಗಿದೆ. ಯಂತ್ರವೇ ಕೆಟ್ಟಿರಲಿ ದೇವರೇ ಎಂದು ಬೇಡಿಕೊಂಡು ಅಂಗಡಿಗೆ ಒಯ್ದೆ. ಹೊಸದನ್ನು ನೋಡಲು ಬಂದವಳ ಹಾಗೆ ನಟಿಸಿದೆ. ಅಂಗಡಿಯಾತ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಕ್ಕೇನೂ ಆಗಿಲ್ಲಮ್ಮ. ಆ ಕಡೆ ಇರೋರು ಓದ್ತಿಲ್ಲ, ಅಷ್ಟೇ" ಅಂದ. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಪಾಪ, ಅವನು ಕುಡಿಯಲು ನೀರು ಕೊಟ್ಟು, ಹೊಸದು ಎಷ್ಟು ಹಗುರ, ಒಮ್ಮೆ ಚಾರ್ಜು ಮಾಡಿದರೆ ಎಷ್ಟು ವಾರ ಬರುತ್ತದೆ ಎಂದೆಲ್ಲ ವಿವರಿಸಿದ. ಹೊಸದು ಕೊಂಡರೆ ನನ್ನದೇ ಬೇರೆ ಖಾತೆಯಂತೆ. "ಆಗ ಈ ಚೌಕದ ಕಾಟ ಇರಲ್ಲ" ಎಂದು ನನಗೆ ಸಮಾಧಾನ ಹೇಳಿದ.

ಆದ್ದರಿಂದ ನನ್ನ ತೀರ್ಮಾನ, ಕೊಳ್ಳುವುದು ಬೇಡ. ಹೊಸದಕ್ಕೆ ನಿನ್ನ ಸುದ್ದಿ ಗೊತ್ತಿರುವುದಿಲ್ಲ. ಅಂಚು ಒಡೆದಿದ್ದರೂ ನಿನ್ನ ಈ ಹಳೆಯದೇ ಇರಲಿ.

ನಿನ್ನೆ ಓದುತ್ತಾ ಓದುತ್ತಾ ನಾನೂ ಇನ್ನೂರ ಆರಕ್ಕೆ ಬಂದು ಮುಟ್ಟಿದೆ. ಮುಂದಿನ ಪುಟದಲ್ಲಿ ಅಂಥದ್ದೇನಿದೆ ಎಂದು ಇಣುಕುವ ಆಸೆ. ಆದರೆ ನಾನು ನಿನ್ನನ್ನು ದಾಟಿಹೋದರೆ ಚೌಕ ಆ ಕಡೆ ಏಳುತ್ತದೆ, ಇಲ್ಲಿ ಏಳುವುದಿಲ್ಲ. ಆಮೇಲೆ ನೀನು ಒಂದೆರಡು ಪುಟ ಓದಿದರೂ ನನಗೆ ತಿಳಿಯುವ ದಾರಿ ಇಲ್ಲ. ಅದಕ್ಕೇ ಕಿರುಬೆರಳು ಮಡಿಚಿಕೊಂಡು ಕೂತಿದ್ದೇನೆ. ಗುಬ್ಬಿ, ನನಗೆ ತುಂಬಾ ಭಯವಾಗಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದದ್ದು ಸಾಕು. ನಿನಗೆ ಏನಾಗಿದೆ?

ಊಟ ಬಿಡಬೇಡ.

ನಿನ್ನ
ಅಮ್ಮ

ತಾ.ಕ.: ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನಿನಗೆ ಏನಾಗಿದೆ ಎಂದು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆನಲ್ಲ, ಅದು ಸರಿಯಲ್ಲ. ಸೋಮವಾರ ಅಂಗಡಿಯಿಂದ ಬಂದವಳೇ ನಿನ್ನ ಆಫೀಸಿಗೆ ಫೋನ್ ಮಾಡಿದ್ದೆ. ಎತ್ತಿದ ಹುಡುಗಿ, "ಅವರನ್ನ ಕೆಲಸದಿಂದ ತೆಗೆದು ಎರಡು ತಿಂಗಳಾಯ್ತಲ್ಲ ಆಂಟಿ, ನಿಮಗೆ ಹೇಳಿಲ್ವಾ?" ಅಂದಳು. ಹೇಳಿದ್ದಾಳೆ, ನಾನೇ ಮರೆತೆ ಎಂದುಬಿಟ್ಟೆ. ಅವಳೆದುರು ನಿನ್ನನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಎರಡು ತಿಂಗಳು ಇದನ್ನು ಒಬ್ಬಳೇ ಹೊತ್ತುಕೊಂಡಿದ್ದೀಯ. ನನಗೆ ಕೋಪವಿಲ್ಲ, ನಾಚಿಕೆಯೂ ಇಲ್ಲ. ಈ ಕಾಗದ ನಾಳೆಯೇ ತಲುಪುತ್ತದೆ ಎಂದು ಕೊರಿಯರಿನವನು ಹೇಳಿದ್ದಾನೆ. ಫೋನ್ ಮಾಡಲು ಆಗದಿದ್ದರೆ ಬೇಡ, ಉತ್ತರವೂ ಬೇಡ. ಒಂದೇ ಒಂದು ಪುಟ ತಿರುಗಿಸು, ನನಗೆ ತಿಳಿಯುತ್ತದೆ. ಶುಕ್ರವಾರದೊಳಗೆ ತಿರುಗದಿದ್ದರೆ ಶನಿವಾರ ನಾನೇ ನಿನ್ನ ಬಾಗಿಲಲ್ಲಿ ನಿಂತಿರುತ್ತೇನೆ. ಏನೂ ಹೇಳಬೇಕಾಗಿಲ್ಲ, ಬಾಗಿಲು ಮಾತ್ರ ತೆಗೆ.