ಬಾಳವ್ವ ಆಯಿ ತಗೊಂಡ ಎಲೆ

ಬನಹಟ್ಟಿ ನೂಲುಮನೆ
ಒಮ್ಮತ ವರ್ಷ ೧೦೩, ಹದಿಮೂರನೇ ತಿಂಗಳು, ೯

ಬಾಳವ್ವ ಆಯಿಗೆ ನಿನ್ನ ಮರಿಮಗಳ ಮಗಳು ನೀಲಾ ಮಾಡುವ ಶರಣು.

ಹದಿಮೂರನೇ ತಿಂಗಳು ಎಂದರೆ ಗಾಬರಿಯಾಗಬೇಡ. ಪಾಳಿಗಳು ಸರಿಸಮ ಬರಲೆಂದು ನಮ್ಮಲ್ಲಿ ಎಲ್ಲ ತಿಂಗಳಿಗೂ ನಾಲ್ಕೇ ವಾರ. ನನ್ನ ಮಾತುಗಳು ನಿನಗೆ ವಿಚಿತ್ರವಾಗಿ ಕೇಳಿಸಬಹುದು. ನೂರು ವರ್ಷ ಯಾರೂ ಬಾಯಿಬಿಟ್ಟು ಜಗಳವಾಡದ ಊರಿನ ಭಾಷೆ ಹೀಗೇ ಆಗುತ್ತದೆ. ಹೊಟ್ಟೆಗೆ ಹಾಕಿಕೋ. ಬೆಳಗಿನಿಂದ ಮೂರು ಸಲ ಬರೆಯಲು ಕೂತು ಮೂರು ಸಲವೂ ಎದ್ದಿದ್ದೇನೆ.

ನೂಲುಮನೆ ಎಂದರೆ ಒಂದು ಮನೆಯಲ್ಲ. ಮಗ್ಗ ನಡೆಸುವವರು, ಮಗ್ಗದ ಒಡೆಯರು, ಅವರಿಬ್ಬರ ನಡುವೆ ಕೂರುವ ಸರಕಾರದ ಹಿರಿಯರು, ಎಲ್ಲರೂ ಸೇರಿದ ಒಂದೇ ಕೂಟ. ನೀರಿನ ಕಸುಬಿಗೊಂದು ಮನೆ, ಮಣ್ಣಿಗೊಂದು, ಮದ್ದಿಗೊಂದು. ಈ ಮನೆಗಳೆಲ್ಲ ಕೂಡಿದರೆ ಅದೇ ನಮ್ಮ ಸರಕಾರ. ಸಮಾಜ ಒಂದು ಮೈ, ಕಸುಬುಗಳು ಅದರ ಅಂಗ, ಕೈ ಎಂದಾದರೂ ಕಾಲಿನ ಜೊತೆ ಜಗಳ ತೆಗೆಯುತ್ತದೆಯೇ? ಶಾಲೆಯಲ್ಲಿ ನಮಗೆ ಕಲಿಸುವ ಮೊದಲ ಪಾಠ ಇದು. ಸುಳ್ಳು ಹೇಳಲಾರೆ, ಇದರಲ್ಲಿ ಸುಖವಿದೆ. ಹಸಿದು ಮಲಗಿದವರನ್ನು ನಾನು ಕಂಡಿಲ್ಲ. ಹತ್ತಿಯ ಧೂಳಿಗೆ ಕೆಮ್ಮಿ ಕೆಮ್ಮಿ ಸತ್ತವರಿಲ್ಲ. ಮುಂಜಾನೆ ಜೋಳದ ರೊಟ್ಟಿ, ಪುಂಡಿಪಲ್ಯ ಬಾಗಿಲಿಗೇ ಬರುತ್ತವೆ. ನಾನು ನೋಟಗಾತಿ, ಅಂದರೆ ತಾವೇ ನೇಯುವ ಎಂಬತ್ತು ಮಗ್ಗಗಳ ನಡುವೆ ಓಡಾಡಿ ಹರಿದ ಎಳೆ ಹುಡುಕುವವಳು. ದಿನಕ್ಕೆ ನಾಲ್ಕು ತಾಸಿನ ಕೆಲಸ. ಆದರೆ ಕಾಲಿಗೆ ಮುಳ್ಳು ಚುಚ್ಚಿದರೆ ಬಾಯಿ 'ಯವ್ವಾ' ಅನ್ನುತ್ತದಲ್ಲ, ನಮ್ಮ ಈ ಮೈಗೆ ಆ ಬಾಯಿಯೇ ಇಲ್ಲ.

ಏನೇ ತೀರ್ಮಾನವಿದ್ದರೂ ವೀಳ್ಯಸಭೆಯಲ್ಲಿ ಆಗಬೇಕು. ಹಿರಿಯರು ಓದಿ ಹೇಳುತ್ತಾರೆ, ತಟ್ಟೆ ಸುತ್ತು ಬರುತ್ತದೆ, ಎಲ್ಲರೂ ಎಲೆ ತಗೊಳ್ಳುತ್ತಾರೆ. ಎಲೆ ತಗೊಂಡರೆ ಒಪ್ಪಿಗೆ. ಒಲ್ಲೆ ಅಂದವರಿಗೆ ಏನು ಮಾಡಬೇಕೆಂದು ನಿಯಮದಲ್ಲಿ ಒಂದು ಸಾಲೂ ಇಲ್ಲ, ಯಾಕೆಂದರೆ ಯಾರೂ ಅಂದಿಲ್ಲ. ಮಕ್ಕಳಿಗೆ ಹದಿನಾಲ್ಕು ತುಂಬಿದಾಗ ಅವರನ್ನು ಹೆತ್ತವರ ಕಸುಬಿನ ಮನೆಗೆ ಸೇರಿಸುವುದೂ ಹೀಗೆಯೇ. ತಾಯಿ ಎಲೆ ತಗೊಂಡರೆ ಮುಗಿಯಿತು. ಜಾತಿ ಅಳಿಯಲೆಂದೇ ಈ ಮನೆಗಳನ್ನು ಕಟ್ಟಿದರಂತೆ. ಮೊದಲ ತಲೆಮಾರು ತನ್ನ ಕಸುಬು ತಾನೇ ಆರಿಸಿಕೊಂಡು ಬಂತು, ಎರಡನೆಯದು ಅಪ್ಪ ಅವ್ವನ ಹಿಂದೆ ಬಂತು, ಮೂರನೆಯದು ಅಲ್ಲೇ ಹುಟ್ಟಿತು. ಈಗ ನೂಲಿನವರು ನೀರಿನವರಿಗೆ ಹೆಣ್ಣು ಕೊಡುವುದಿಲ್ಲ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂದ ಹಾಗಾಯಿತು.

ನಾಳೆ ನನ್ನ ಮಗಳು ಗೌರಾಳ ಸರದಿ. ಅವಳಿಗೆ ನೂಲು ಬೇಡ, ನೀರಿನ ಮನೆ ಬೇಕು. ಮೂರು ವರ್ಷದಿಂದ ಕಾಲುವೆಯ ತೂಬಿನ ಬಳಿ ಕೂತು ನೀರು ಏರಿದ್ದು ಇಳಿದದ್ದು ಬರೆದುಕೊಳ್ಳುತ್ತಾಳೆ. "ಯವ್ವಾ, ಆ ಮಗ್ಗದ ನಡುವ ನಾ ಬದುಕಂಗಿಲ್ಲ" ಅಂದಳು. ನಮ್ಮ ಹಿರಿಯರಾದ ಕಾಡಪ್ಪನವರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಕೂರಿಸಿ ಮಜ್ಜಿಗೆ ಕೊಟ್ಟರು. "ಮನಿ ಬದಲಿಸಾಕ ಅದೇನ ಅಂಗಿ ಏನವಾ? ಎಲ್ಲಾರೂ ಒಪ್ಪ್ಯಾರ. ಮೊದಲ ಒಪ್ಪಿದಾಕಿ ನಿಮ್ಮ ಆಯೀನ" ಎಂದು ಗೋಡೆಯ ಮೇಲಿನ ನಿನ್ನ ಪಟ ತೋರಿಸಿದರು.

ಆ ಪಟ ನಮ್ಮ ಮನೆಯಲ್ಲೂ ಇದೆ. ಕಲ್ಯಾಣಮಂಟಪದಲ್ಲಿ ನೀನು ಎಲೆ ಹಿಡಿದು ನಿಂತಿದ್ದೀ. ಅಂದು ಮನೆಗೆ ಬಂದವಳೇ ಪಟ ಇಳಿಸಿ ಒರೆಸಹೋದೆ. ಹಿಂದಿನ ಹಲಗೆಯೊಳಗೆ ನಿನ್ನ ನೋಟ್‌ಬುಕ್ ಸಿಕ್ಕಿತು. ಹದಿನೇಳು ದಿನ ಊರಿನ ಮಗ್ಗಗಳನ್ನೆಲ್ಲ ನಿಲ್ಲಿಸಿದ ಸಂಘದ ಮುಂದಾಳು ನೀನಂತೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಮಾತುಕತೆಗೆ ಕರೆದಾಗ, ಇನ್ನು ಮುಂದೆ ಕೆಲಸ ನಿಲ್ಲಿಸುವಂತಿಲ್ಲ ಎಂಬ ಕಲಮಿಗೆ ತಕರಾರು ಬರೆದ ಕಾಗದವನ್ನು ನೀನು ಉಡಿಯಲ್ಲಿಟ್ಟುಕೊಂಡೇ ಹೋಗಿದ್ದೆಯಂತೆ. ಮಾತು ಶುರುವಾಗುವ ಮೊದಲೇ ತಟ್ಟೆ ಬಂತು. ಹಿರಿಯರು ಕೊಟ್ಟ ವೀಳ್ಯ ಬೇಡ ಅನ್ನುವುದು ನಮ್ಮ ಕಡೆ ಉಂಟೆ? ಮರ್ಯಾದೆಗೆಂದು ನೀನು ತಗೊಂಡಿದ್ದೀ. ಫೋಟೋ ತೆಗೆದರು. ಸಂಘ ಒಪ್ಪಿತು ಎಂದು ಮರುದಿನ ಪೇಪರಿನಲ್ಲಿ ಬಂತು. 'ಎಲಿ ತಗೊಂಡೇನಿ, ಮಾತು ಕೊಟ್ಟಿಲ್ಲ' ಎಂದು ಬರೆದು ಎರಡು ಸಲ ಗೆರೆ ಎಳೆದಿದ್ದೀ. ಆಯಿ, ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಅಳು ಬಂತು.

ಈ ಕಾಗದ ಆ ದಿನಕ್ಕೆ ಮೊದಲೇ ನಿನ್ನ ಕೈಸೇರಿದರೆ, ನನ್ನದೊಂದು ಬೇಡಿಕೆ. ತಟ್ಟೆ ಬಂದಾಗ ಕೈ ಮುಗಿ, ಬೇಕಾದರೆ ಅವರ ಚಹಾ ಕುಡಿ, ಎಲೆ ಮಾತ್ರ ಮುಟ್ಟಬೇಡ. ಆಸ್ಪತ್ರೆ, ಪಾಳಿ, ಊಟದ ಕಲಮುಗಳನ್ನು ಓದಿ, ಕೇಳಿ, ಒಪ್ಪಿಕೋ; ಅವೆಲ್ಲ ನಮಗೆ ಬೇಕಾದವು. ಒಡೆಯರ ಜೊತೆ, ಸರಕಾರದ ಜೊತೆ ಒಂದೇ ಜಮಖಾನೆಯ ಮೇಲೆ ಕೂರುವುದೂ ತಪ್ಪಲ್ಲ. ಆದರೆ ಎದ್ದು ಹೋಗುವ ಹಕ್ಕು ಕೈಯಲ್ಲಿಟ್ಟುಕೊಂಡು ಕೂರು.

ಇಷ್ಟು ಬರೆದು ನಾಲ್ಕನೇ ಸಲ ಎದ್ದೆ. ಕಾಗದ ನಿನಗೆ ಮುಟ್ಟುವುದಾದರೆ ಪಟದಲ್ಲಿ ನಿನ್ನ ಕೈ ಖಾಲಿಯಾಗಿರಬೇಕಲ್ಲವೇ? ಹೋಗಿ ನೋಡಿದೆ. ಎಲೆ ಅಲ್ಲೇ ಇದೆ. ಹಾಗಾದರೆ ನಾಳೆ ಸಭೆಯಲ್ಲಿ ಒಲ್ಲೆ ಅನ್ನಬೇಕಾದವಳು ನಾನೇ. ಪಟದ ಮುಂದೆ ನಿಂತು ಒಮ್ಮೆ ಒಲ್ಲೆ ಎಂದು ಹೇಳಿ ನೋಡಿದೆ. ದನಿ ಹೊರಡಲಿಲ್ಲ, ಬರೀ ತುಟಿ ಅಲುಗಿತು. ಗೌರಾ ಬಾಗಿಲಲ್ಲಿ ನಿಂತಿದ್ದಳು. ಬಂದು ನನ್ನ ಕೈ ಹಿಡಿದುಕೊಂಡಳು.

"ಇನ್ನೊಮ್ಮಿ ಅನ್ನು, ಯವ್ವಾ" ಅಂದಳು.