ಸೀಟಿನ ಕೆಳಗಿನ ಹೊಲಿಗೆ

ಜುಲೈ 9, ಮಂಗಳವಾರ

ಒಂಬತ್ತು ಸೈಕಲ್ಲಿಗೂ ಗಾಳಿ ಹೊಡೆದೆ. ಚೈನಿಗೆ ಎಣ್ಣೆ. ಒಂದು ಗಂಟೆಯ ಕೆಲಸ, ಇಡೀ ಬೆಳಗು ಹಿಡಿಯಿತು.

ಸೊಂಟದ ಆಪರೇಷನ್ ಆದ ಅಕ್ಕ ಎದೆಲ್ಮಿರಾ ಹದಿನಾರಕ್ಕೆ ಬರುತ್ತಾಳೆ. ಇನ್ನು ಇಲ್ಲೇ ಇರುತ್ತಾಳೆ. ಖಾಲಿ ಮಾಡಬಹುದಾದದ್ದು ಸೈಕಲ್ ಕೋಣೆಯೊಂದೇ. ವರಾಂಡದಲ್ಲಿ ಮೂರು ನಿಲ್ಲುತ್ತವೆ. ಆರು ಹೋಗಬೇಕು.

ಹೆಂಡತಿ ನೂಬಿಯಾ ಬಾಗಿಲಲ್ಲಿ ನಿಂತು ನಕ್ಕಳು: "ಕೂರೋಕೆ ಇರೋದು ಒಂದೇ ಅಂಡು. ಒಂಬತ್ತು ಸೀಟು ಯಾಕ್ರೀ?"

ಜುಲೈ 10

ಐದನ್ನು ಕೊಡುವುದು ಸುಲಭ. ಆರನೆಯದು ಹಸಿರು ಸೈಕಲ್ಲು... ಅದನ್ನು ವರಾಂಡದಲ್ಲಿ ಇಟ್ಟರೆ ಅಕ್ಕ ನೋಡುತ್ತಾಳೆ.

ಬರೆದೇ ಬಿಡುತ್ತೇನೆ, ಯಾರು ಓದುತ್ತಾರೆ. ಅದು ಅಕ್ಕನದು. ಅದರ ಮೇಲೆ ಚೀಸ್ ಬನ್ನು ಮಾರುತ್ತಿದ್ದಳು. 1979, ದುಯಿತಾಮಾ ಊರಿನ ಸೈಕಲ್ ರೇಸು, ನನಗೆ ಹದಿನೇಳು. ಕೇಳಿದೆ. "ಕೊಡಲ್ಲ" ಅಂದಳು. ಅವಳು ಚರ್ಚಿನ ಪೂಜೆಗೆ ಹೋದಾಗ ಎತ್ತಿಕೊಂಡು ಹೋದೆ. ಎರಡನೆಯವನಾಗಿ ಬಂದೆ. ಗೆಳೆಯನ ಕೊಟ್ಟಿಗೆಯಲ್ಲಿ ಬಚ್ಚಿಟ್ಟೆ, ಬೇರೆ ಮನೆ ಮಾಡಿದ ಮೇಲೆ ಈ ಕೋಣೆಗೆ ತಂದೆ. ಮನೆಯಲ್ಲಿ ಹೇಳಿದ್ದು: ಕಳ್ಳರು ಒಯ್ದರು. ಅಕ್ಕ ನಾಲ್ಕು ವರ್ಷ ಬುಟ್ಟಿ ಹೊತ್ತು ಏರು ಹತ್ತಿದಳು. ನಾಚಿಕೆಯಾಗುತ್ತದೆ.

ಜುಲೈ 12

ಅಕ್ಕನ ಫೋನು. ನಮ್ಮ ಬೊಯಾಕಾ ಸೀಮೆಯವರ ಪದ್ಧತಿಯಂತೆ ತಮ್ಮನಿಗೂ ಬಹುವಚನ, ಮಾತಿಗೊಂದು 'ಸುಮೆರ್ಸೆ', ಅಂದರೆ 'ತಾವು'.

"ಸೈಕಲ್ ಎತ್ತಬೇಡಿ ಸುಮೆರ್ಸೆ. ನಂಗೆ ಅಡುಗೆಮನೆ ಮೂಲೆ ಸಾಕು. ಎಷ್ಟಿವೆ ಈಗ?"

"ಎಂಟು."

ಯಾಕೆ ಹಾಗಂದೆ?

"ಎಂಟಾ." ಎಣಿಸುವವಳಂತೆ ಅಂದಳು. "ಸರಿ ಬಿಡಿ, ಸುಮೆರ್ಸೆ."

ಊಟ ಸೇರಲಿಲ್ಲ.

ಜುಲೈ 15, ಮಧ್ಯಾಹ್ನ 3

ಐದು ಹೋದವು. ಹಸಿರು ಸೈಕಲ್ಲು ಕೊಳ್ಳಲು ಸೊಗಮೋಸೊ ಊರಿನ ಅರಿಸ್ಟೊಬುಲೊ ಬಂದಿದ್ದ. ನಾಳೆ ಬೆಳಗ್ಗೆಯೇ ಒಯ್ಯುತ್ತಾನಂತೆ. ಎದೆ ಹಗುರಾಯಿತು.

ಅವನ ತಕರಾರು ಸೀಟಿನ ಮೇಲಿನ ಉಣ್ಣೆಯ ಕವರು. ಅಕ್ಕ ಹೆಣೆದದ್ದು. ನಲವತ್ತೈದು ವರ್ಷ ನಾನು ಮುಟ್ಟಿಲ್ಲ, ಅಲ್ಲಿ ಮಾತ್ರ ಧೂಳೂ ಒರೆಸಿಲ್ಲ.

"ಈ ಕುರಿ ಯಾರಿಗೆ ಬೇಕು? ಒಳಗಿನ ತೊಗಲು ನೋಡ್ಬೇಕು. ಬಿಚ್ಚಿಡಿ."

ಸಂಜೆ 6

ಹೊಲಿಗೆ ಬಿಚ್ಚಿದೆ. ಕವರಿನ ಒಳಗೆ, ಸೀಟಿನ ಕೆಳಮಗ್ಗುಲಿಗೆ ಬರುವ ಅಂಚಿನಲ್ಲಿ, ದಾರಿಹೋಕರನ್ನು ಕಾಯುವ ಕಾರ್ಮೆನ್ ಮಾತೆಯ ಕಂದು ಬಟ್ಟೆಯ ತಾಯಿತ ಹೊಲಿದಿದೆ. ಇಲ್ಲಿ ಲಾರಿಯೂ ಅದಿಲ್ಲದೆ ರಸ್ತೆಗಿಳಿಯುವುದಿಲ್ಲ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಮೇಲೆ ಕೆಂಪು ದಾರದ ಅಕ್ಷರ: 'ಎಲಾದಿಯೋ. ಇಳಿಜಾರಲ್ಲಿ ಜೋಪಾನ. 16 ಜುಲೈ 1979.'

ನನ್ನ ಹೆಸರು. ರೇಸಿನ ದಿನ.

ಕೊಡುವವಳಿದ್ದಳು. ಪೂಜೆ ಮುಗಿಸಿ ಬಂದು ಕೊಡುವವಳಿದ್ದಳು. ನಾನು ಅಷ್ಟು ಹೊತ್ತು ಕಾಯಲಿಲ್ಲ.

ಅರಿಸ್ಟೊಬುಲೊಗೆ ಫೋನು ಮಾಡಿ ಇಲ್ಲವೆಂದೆ. "ಹುಚ್ಚು ಮುದುಕ" ಅಂದ. ಅನ್ನಲಿ.

ಜುಲೈ 16, ಬೆಳಗ್ಗೆ 10

ಕಾರ್ಮೆನ್ ಮಾತೆಯ ಹಬ್ಬ. ಚೌಕದಲ್ಲಿ ವಾಹನಗಳಿಗೆ ಪಾದ್ರಿಯ ತೀರ್ಥ. ಹಸಿರಿಗೆ ರಿಬ್ಬನ್ನು ಕಟ್ಟಿ ಗೇಟಿನ ಎದುರು ನಿಲ್ಲಿಸಿದ್ದೇನೆ. ಒಳಗಿಟ್ಟೆ, ಮತ್ತೆ ಹೊರಗೆ ತಂದೆ. ಮೂರು ಸಲ. ಕವರು ಜೇಬಿನಲ್ಲಿದೆ. ಏನು ಹೇಳಬೇಕೆಂದು ಬರೆದುಕೊಳ್ಳೋಣ ಅಂತ ಕೂತೆ: ಅಕ್ಕ, ಎಂಟಲ್ಲ...

ಟ್ಯಾಕ್ಸಿ ನಿಂತಿತು. ನೂಬಿಯಾ ಓಡಿದಳು. ಊರುಗೋಲಿನ ಸದ್ದು. ಆಮೇಲೆ ಸದ್ದಿಲ್ಲ. ಗೇಟಿನ ಹತ್ತಿರವೇ ನಿಂತಿರಬೇಕು.

ಕಿಟಕಿಯಿಂದ ಅಕ್ಕನ ದನಿ:

"ಎಲಾದಿಯೋ! ಇಷ್ಟು ವರ್ಷ ಇಟ್ಕೊಂಡು, ಇವತ್ತು ಕವರ್ ಯಾಕೆ ಬಿಚ್ಚಿದಿರಿ ಸುಮೆರ್ಸೆ?"

ಗೊತ್ತಿತ್ತು. ಅವಳಿಗೆ ಮೊದಲಿನಿಂದಲೂ

ಹೋಗುತ್ತೇನೆ. ಕವರು ಮತ್ತೆ ಹೊಲಿಯಬೇಕು, ಸೂಜಿ ಎಲ್ಲಿ