ಕಳ್ಳನಿಗೆ ಕೊಡೋ ಪರ್ಸು

ಅಕ್ಕಾ,

ನನಗೆ ಒಂದು ಗೀರೂ ಆಗಿಲ್ಲ. ಅಮ್ಮನಿಗೆ ಮೊದಲು ಅಷ್ಟನ್ನ ಹೇಳಿಬಿಟ್ಟು, ಮಿಕ್ಕಿದ್ದನ್ನ ಒಳಗೆ ಹೋಗಿ ಓದು.

ಹಲ್ಲಿನ ಸೆಟ್ಟು ಮಾಡೋ ನಮ್ಮ ಕಂಪನಿಯಲ್ಲಿ, ನನ್ನ ಹಾಗೆ ಹೊರದೇಶದಿಂದ ಬಂದವರಿಗೆಲ್ಲ ಸೆಕ್ಯುರಿಟಿ ಆಫೀಸರು ಒಂದೊಂದು ಕೆಂಪು ಪರ್ಸ್ ಹಂಚಿದ್ದಾರೆ. ಅದರಲ್ಲಿ ಚಿಲ್ಲರೆ ಇಟ್ಟುಕೊಂಡಿದ್ದು, ಕಳ್ಳ ಅಡ್ಡಗಟ್ಟಿದ್ರೆ ಅದನ್ನೇ ಕೊಟ್ಟುಬಿಡಬೇಕಂತೆ. ಮೇಲೆ ಕಂಪನಿ ಹೆಸರು ಬೇರೆ ಅಚ್ಚು ಹಾಕಿಸಿದ್ದಾರೆ.

ಮೊನ್ನೆ ಕೆಲಸ ಮುಗಿಸಿ ಬಸ್‌ಸ್ಟಾಪಿಗೆ ಬರ್ತಿದ್ದಾಗ ಒಬ್ಬ ಚಾಕು ತೋರಿಸಿದ. ಹೇಳಿಕೊಟ್ಟ ಪಾಠ ಮರೀಲಿಲ್ಲ, ಕೆಂಪು ಪರ್ಸ್ ಚಾಚಿದೆ. ಅವನು ಹಲ್ಲು ಕಿರಿದು, "ಇದು ನಿಮ್ಮ ಕಂಪನಿಯವರು ಕೊಡೋದು ಕಣಮ್ಮ, ನಮ್ಮನೇಲಿ ರಾಶಿ ಬಿದ್ದಿದೆ. ಇನ್ನೊಂದು ತೆಗಿ" ಅಂದ. ಆ ಹಲ್ಲೂ ಕಟ್ಟಿಸಿದ್ದೇ. ಕೆಲಸ ಒರಟು, ನಮ್ಮಲ್ಲಿ ಮಾಡಿದ್ದಲ್ಲ. ಅವತ್ತು ತಾನೇ ಬಂದಿದ್ದ ಸಂಬಳದ ಸಮೇತ ಇನ್ನೊಂದನ್ನ ತೆಗೆದುಕೊಟ್ಟೆ.

ಮಾರನೇ ಬೆಳಿಗ್ಗೆ ಆಫೀಸರಿಗೆ ಹೇಳಿದ್ರೆ, "ಕಂಪನಿ ಪರ್ಸ್ ಹೋಯ್ತಾ?" ಅಂತ ಕೇಳಿದ್ರು. ಇಲ್ಲ ಸಾರ್, ಇದೆ ಅಂದೆ. "ಹಾಗಿದ್ರೆ ನಷ್ಟ ಏನೂ ಇಲ್ಲ" ಅಂತ ಬರ್ಕೊಂಡು, ಮೀಟಿಂಗಲ್ಲಿ ನನ್ನನ್ನ ಎಬ್ಬಿಸಿ ನಿಲ್ಲಿಸಿ, ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿದ್ರು.

ಈ ತಿಂಗಳು ದುಡ್ಡು ಕಳಿಸೋಕಾಗಲ್ಲ, ಭಾವನಿಗೆ ನೀನೇ ಏನಾದ್ರೂ ಸಬೂಬು ಹೇಳು. ಮುಂದಿನ ತಿಂಗಳಿಂದ ಚಿಂತೆಯಿಲ್ಲ. ಈ ಪೋಸ್ಟ್‌ಕಾರ್ಡು ಕನ್ನಡದಲ್ಲಿದೆ, ಇಲ್ಲಿ ಯಾರಿಗೂ ಓದೋಕೆ ಬರಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ: ಇನ್ಮೇಲೆ ಸಂಬಳ ಇಡೋದು ಆ ಕೆಂಪು ಪರ್ಸಲ್ಲೇ. ಈ ಊರಲ್ಲಿ ಯಾವ ಕಳ್ಳನೂ ಅದನ್ನ ಮುಟ್ಟಲ್ಲ.

ಜಾಗ ಮುಗೀತು.
ನಿನ್ನ ತಂಗಿ